ಬೆಳಿಗ್ಗೆ ಕರಡಿಗೆ ಕಣ್ಣೀರು, ಮಧ್ಯಾಹ್ನ ಕೋಟೆಗೆ ಟಿಕೆಟ್ಟು

ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನಲ್ಲಿ ಒಂದು ದಿನದ ಪ್ಯಾಕೇಜ್ ಟೂರ್ ಸಿಗುತ್ತದೆ. ಕಂಪನಿಯಿಂದ ಕಂಪನಿಗೆ ಹೆಸರು ಬೇರೆ, ಮಾಲು ಒಂದೇ. ಬೆಳಿಗ್ಗೆ ಕರಡಿಧಾಮ, ಮಧ್ಯಾಹ್ನ ಡ್ರಾಕುಲಾ ಕೋಟೆ, ಹೊತ್ತು ಉಳಿದರೆ ಇನ್ನೊಂದು ಕೋಟೆ, ರಾತ್ರಿ ಹೋಟೆಲಿಗೆ ವಾಪಸ್. ಪ್ರಾಣಿದಯೆ, ಇತಿಹಾಸ, ಭಯ, ಮೂರೂ ಒಂದೇ ವ್ಯಾನಿನಲ್ಲಿ. ಊಟದ ಖರ್ಚು ಮಾತ್ರ ನಿಮ್ಮದು.

ಟೂರಿನ ಬಹುಪಾಲು ನಡೆಯುವುದು ರಸ್ತೆಯ ಮೇಲೆ. ಬುಖಾರೆಸ್ಟಿನಿಂದ ಬ್ರಶೋವ್ ಊರಿಗೆ ಸುಮಾರು 180 ಕಿಲೋಮೀಟರ್. ಪ್ರಹೋವಾ ಕಣಿವೆಯ ಆ ರಸ್ತೆ ವಾರಾಂತ್ಯದಲ್ಲಿ ಗಟ್ಟಿಯಾಗಿ ಜಾಮ್ ಆಗುತ್ತದೆ. ಸಿಲ್ಕ್ ಬೋರ್ಡಿನಲ್ಲಿ ನಿಂತು ಪಳಗಿದವರಿಗೆ ಏನೂ ಅನ್ನಿಸುವುದಿಲ್ಲ. ಉಳಿದವರು ಕಿಟಕಿಯಿಂದ ಕಾರ್ಪೇಥಿಯನ್ ಬೆಟ್ಟಗಳನ್ನು ನೋಡುತ್ತಾ, ಗೈಡ್ ಹೇಳುವ ರಕ್ತದ ಕಥೆ ಕೇಳುತ್ತಾ ಕೂರಬೇಕು.

ಮೊದಲ ನಿಲ್ದಾಣ ಜರ್ನೆಷ್ತ್ ಊರಿನ ಪಕ್ಕದ ಲಿಬರ್ಟಿ ಕರಡಿಧಾಮ. 69 ಹೆಕ್ಟೇರ್ ಓಕ್ ಕಾಡು, ನಮ್ಮ ಲೆಕ್ಕದಲ್ಲಿ 170 ಎಕರೆ. ನೂರಕ್ಕೂ ಹೆಚ್ಚು ಕಂದು ಕರಡಿಗಳಿವೆ. ಕ್ರಿಸ್ಟಿನಾ ಲಾಪಿಸ್ ಎಂಬ ಹೆಣ್ಣುಮಗಳು ಕಟ್ಟಿದ ಸಂಸ್ಥೆ ಇದನ್ನು 2005ರಿಂದ ನಡೆಸುತ್ತಿದೆ. ಇಲ್ಲಿ ಕರಡಿ ಕುಣಿಯುವುದಿಲ್ಲ, ಸೈಕಲ್ ತುಳಿಯುವುದಿಲ್ಲ. ಮುಟ್ಟುವ ಹಾಗಿಲ್ಲ, ಬಿಸ್ಕತ್ತು ಎಸೆಯುವ ಹಾಗಿಲ್ಲ. ಐದು ವರ್ಷದೊಳಗಿನ ಮಕ್ಕಳನ್ನು ಒಳಗೇ ಬಿಡುವುದಿಲ್ಲ. ಜನರಿಗೆ ಬೆಳಿಗ್ಗೆ ಮಾತ್ರ ಪ್ರವೇಶ, ಆಮೇಲೆ ಕರಡಿಗಳ ಪಾಡು ಕರಡಿಗಳದು. ದುಡ್ಡು ಕೊಟ್ಟು ಬಂದವನಿಗೆ ಇಷ್ಟೊಂದು ‘ಇಲ್ಲ’ ಹೇಳುವ ಪ್ರವಾಸಿ ತಾಣ ಬೇರೆ ಸಿಗುವುದು ಕಷ್ಟ. ಹಾಗಾಗಿ ವ್ಯಾನಿನಲ್ಲಿ ಒಬ್ಬರಾದರೂ ಗೊಣಗುತ್ತಾರೆ: “ಇಷ್ಟು ದೂರ ಬಂದ್ವಿ, ಕರಡಿ ನಮ್ಮ ಕಡೆ ತಿರುಗಿಯೂ ನೋಡಲಿಲ್ವಲ್ಲ.”

ತಿರುಗಿ ನೋಡದೆ ಇರುವುದಕ್ಕೆ ಅದರ ಕಾರಣ ಅದಕ್ಕಿದೆ. ಬೇಲಿಯಾಚೆ ಒಂದು ಕರಡಿ ನಾಲ್ಕು ಹೆಜ್ಜೆ ಮುಂದೆ ಹೋಗುತ್ತದೆ. ತಲೆಯನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಆಡಿಸುತ್ತದೆ. ತಿರುಗಿ ನಾಲ್ಕು ಹೆಜ್ಜೆ ಹಿಂದೆ ಬರುತ್ತದೆ. ಮತ್ತೆ ತಲೆ, ಮತ್ತೆ ನಾಲ್ಕು ಹೆಜ್ಜೆ. ಎದುರಿಗೆ ಇಡೀ ಕಾಡು ತೆರೆದು ಬಿದ್ದಿದೆ, ಆದರೂ ಅದು ಹಳೆಯ ಪಂಜರದ ಅಳತೆ ಬಿಟ್ಟು ಆಚೆ ಕಾಲಿಡುವುದಿಲ್ಲ. ಬಿಡುಗಡೆಯಾಗಿ ಬಂದ ಎಷ್ಟೋ ಕರಡಿಗಳದು ಹೀಗೇ. ಕಬ್ಬಿಣದ ಸರಳು ಕಳಚಿದ ಮೇಲೂ ಹೆಜ್ಜೆಯ ಲೆಕ್ಕ ತಪ್ಪುವುದಿಲ್ಲ.

ಇವೆಲ್ಲ ಎಲ್ಲಿಂದ ಬಂದವು ಅಂತ ಕೇಳಿದರೆ ಧಾಮದವರು ಪಟ್ಟಿ ಕೊಡುತ್ತಾರೆ. ಸರ್ಕಸ್ಸು, ರೆಸ್ಟೋರೆಂಟು, ಪೆಟ್ರೋಲ್ ಬಂಕು, ಹೋಟೆಲು. ಗಿರಾಕಿಗಳು ಬರಲಿ ಅಂತ ಬಾಗಿಲ ಪಕ್ಕ ಪಂಜರ ಇಟ್ಟು ಕೂಡಿಹಾಕಿದ ಕರಡಿಗಳು. ಈ ಧಾಮ ಹುಟ್ಟಲು ಕಾರಣವಾದದ್ದು ಮಾಯಾ ಎಂಬ ಹೆಣ್ಣು ಕರಡಿ. ಪಂಜರದಲ್ಲಿದ್ದು ಇದ್ದು ತನ್ನ ಕೈಯನ್ನು ತಾನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಿತ್ತು. ಲಾಪಿಸ್ ಊಟ ತಂದು ಹಾಕುತ್ತಿದ್ದರು, ಬಿಡಿಸಿ ಕರೆದೊಯ್ಯಲು ಆಗ ಜಾಗವೇ ಇರಲಿಲ್ಲ. 2002ರಲ್ಲಿ ಮಾಯಾ ಸತ್ತಿತು. ಅದರ ಪಂಜರ ಇದ್ದದ್ದು ಎಲ್ಲಿ ಗೊತ್ತಾ? ಬ್ರಾನ್ ಕೋಟೆಯ ಹತ್ತಿರ, ಡ್ರಾಕುಲಾ ನೋಡಲು ಬಂದವರು ಇದನ್ನೂ ನೋಡಿಕೊಂಡು ಹೋಗಲಿ ಅಂತ.

ಮ್ಯಾಕ್ಸ್ ಅಂತ ಇನ್ನೊಂದಿತ್ತು. ಪ್ರವಾಸಿಗರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲೆಂದು ಅದರ ಕಣ್ಣು ಕುರುಡು ಮಾಡಿ, ಮದ್ದು ಕೊಟ್ಟು ಮಂಕಾಗಿ ಇಟ್ಟಿದ್ದರು ಎನ್ನುತ್ತಾರೆ ಧಾಮದವರು. ಅದು ಸಿಕ್ಕಿದ್ದು ಸಿನಾಯಾ ಊರಿನಲ್ಲಿ, ಪೆಲೆಶ್ ಕೋಟೆಯ ಬಳಿ.

ಈಗ ಟೂರಿನ ಕರಪತ್ರ ಇನ್ನೊಮ್ಮೆ ಓದಿ. ಬೆಳಿಗ್ಗೆ 10ಕ್ಕೆ ಕರಡಿಧಾಮ, ಮಧ್ಯಾಹ್ನ ಬ್ರಾನ್, ಸಂಜೆ ಪೆಲೆಶ್. ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ಮಾತಾಡಿಸಿ, ಅಲ್ಲಿಂದ ಸೀದಾ ಅಪಘಾತ ನಡೆದ ಸರ್ಕಲ್ಲಿಗೆ ಹೋಗಿ ಐಸ್‌ಕ್ರೀಂ ತಿಂದ ಹಾಗೆ ಈ ವ್ಯವಸ್ಥೆ. ಬೆಳಿಗ್ಗೆ ಕಣ್ಣೊರೆಸಿಕೊಂಡ ಅದೇ ಕರ್ಚೀಫಿನಲ್ಲಿ ಮಧ್ಯಾಹ್ನ ಬಾಯಿ ಒರೆಸಿಕೊಳ್ಳಬಹುದು.

ನಮ್ಮವರು ಇದನ್ನೋದಿ ಮೀಸೆ ತಿರುವುವ ಹಾಗೇನಿಲ್ಲ. ಮೂಗಿಗೆ ಹಗ್ಗ ಪೋಣಿಸಿ ಕರಡಿ ಕುಣಿಸುವುದನ್ನು ನಾವೂ ನೋಡಿ ಚಿಲ್ಲರೆ ಹಾಕಿದವರೇ. ದೇಶದ ಕೊನೆಯ ಕುಣಿಯುವ ಕರಡಿ ಎನಿಸಿಕೊಂಡ ರಾಜು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿದ್ದು 2009ರ ಡಿಸೆಂಬರಿನಲ್ಲಿ. ಬೆಳಿಗ್ಗೆ ಹಂಪಿ, ಸಂಜೆ ದರೋಜಿ ಕರಡಿಧಾಮ ಅನ್ನುವ ಪ್ಯಾಕೇಜೂ ನಮ್ಮಲ್ಲಿದೆ. ಅಲ್ಲಿ ಬಂಡೆಗೆ ಸಿಹಿ ಸವರಿ ಕರಡಿಯನ್ನು ಕರೆಸುತ್ತಾರೆ, ನಾವು ಗೋಪುರದ ಮೇಲೆ ಕೂತು ದುರ್ಬೀನು ಹಿಡಿಯುತ್ತೇವೆ. ಒಂದು ಸಮಾಧಾನ ಅಂದರೆ ಹಂಪಿಯಲ್ಲಿ ವಿಜಯನಗರದ ಅರಸರು ನಿಜಕ್ಕೂ ಇದ್ದರು.

ಬ್ರಾನ್‌ನಲ್ಲಿ ಡ್ರಾಕುಲಾ ಇರಲಿಲ್ಲ.

ಗೈಡ್ ಇದನ್ನು ಮುಚ್ಚಿಡುವುದಿಲ್ಲ, ಅದೇ ಮಜಾ. ಟಿಕೆಟ್ ಕೊಳ್ಳುವವರೆಗೆ ‘ಡ್ರಾಕುಲಾ ಕೋಟೆ’, ಕೊಂಡ ಮೇಲೆ ‘ಆದರೆ ನಿಜ ಹೇಳಬೇಕೆಂದರೆ’. 1377ರಲ್ಲಿ ಹಂಗೇರಿಯ ರಾಜ ಲೂಯಿ, ಬ್ರಶೋವಿನ ಜರ್ಮನ್ ವರ್ತಕರಿಗೆ ಇಲ್ಲಿ ಕಲ್ಲಿನ ಕೋಟೆ ಕಟ್ಟಿಕೊಳ್ಳಲು ಅಪ್ಪಣೆ ಕೊಟ್ಟ. ಖರ್ಚು ಅವರದೇ. ಟ್ರಾನ್ಸಿಲ್ವೇನಿಯಾ ಮತ್ತು ವಲೇಕಿಯಾ ಎಂಬ ಎರಡು ಸೀಮೆಗಳ ನಡುವಿನ ಕಣಿವೆ ಕಾಯುವುದು, ಹೋಗಿಬರುವ ಸರಕಿಗೆ ತೆರಿಗೆ ಎತ್ತುವುದು ಅದರ ಕೆಲಸ. ಒಟ್ಟಿನಲ್ಲಿ ಅದೊಂದು ಸುಂಕದಕಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಅನ್ನುವುದು ನಮಗೆ ಗೊತ್ತಿದ್ದದ್ದೇ. ರಕ್ತ ಹೀರುವವರು ಇಲ್ಲಿ ಇರಲೇ ಇಲ್ಲ ಅಂತ ಆಣೆ ಮಾಡಲಾರೆ, ಆದರೆ ಅವರು ರಸೀದಿ ಕೊಡುತ್ತಿದ್ದರು.

ಡ್ರಾಕುಲಾ ಎಂಬ ಹೆಸರು ಬಂದದ್ದು ವಲೇಕಿಯಾದ 15ನೇ ಶತಮಾನದ ದೊರೆ ವ್ಲಾದ್ ತ್ಸೆಪೆಶ್‌ನಿಂದ. ಶತ್ರುಗಳನ್ನು ಶೂಲಕ್ಕೇರಿಸಿ ಹೆಸರು ಮಾಡಿದವನು. ಅವನು ಬ್ರಾನ್‌ನಲ್ಲಿ ವಾಸವಿದ್ದ ಅನ್ನುವುದಕ್ಕೆ ದಾಖಲೆ ಇಲ್ಲ. ಅವನಿಗೂ ಬ್ರಶೋವಿನ ವರ್ತಕರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಊರಿನ ಮೇಲೇ ದಂಡೆತ್ತಿ ಹೋಗಿ ಅಲ್ಲಿನವರನ್ನು ಶೂಲಕ್ಕೇರಿಸಿದ್ದ. ಈಗ ಆ ವರ್ತಕರು ಕೈಯಿಂದ ದುಡ್ಡು ಹಾಕಿ ಕಟ್ಟಿದ ಕೋಟೆ ಅವರನ್ನು ಕೊಂದವನ ಹೆಸರಿನಲ್ಲಿ ನಡೆಯುತ್ತಿದೆ. ಅವರ ವಂಶಸ್ಥರು ಯಾರಾದರೂ ಟಿಕೆಟ್ ಸಾಲಿನಲ್ಲಿ ನಿಂತಿದ್ದರೆ ರಿಯಾಯಿತಿ ಕೊಡುವುದು ನ್ಯಾಯ.

ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ರೊಮೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. 1897ರಲ್ಲಿ ಪುಸ್ತಕ ಬಂತು. ಅದರಲ್ಲಿನ ಕೋಟೆ ಇರುವುದು ದೂರದ ಉತ್ತರದ ಬೋರ್ಗೋ ಕಣಿವೆಯಲ್ಲಿ. ಅಲ್ಲಿ ಕೋಟೆ ಇರಲಿಲ್ಲ. ಓದಿದವರು ಹುಡುಕಿಕೊಂಡು ಬರಲು ಶುರು ಮಾಡಿದರು, ದೆವ್ವ-ದೇವರು ಎರಡನ್ನೂ ನಂಬದ ಕಮ್ಯುನಿಸ್ಟರ ಕಾಲದಲ್ಲೇ ಅಲ್ಲೊಂದು ಕೋಟೆ ಆಕಾರದ ಹೋಟೆಲ್ ಎದ್ದಿತು. ಡಾಲರ್ ತರುವ ದೆವ್ವಕ್ಕೆ ಸಿದ್ಧಾಂತ ಅಡ್ಡ ಬರುವುದಿಲ್ಲ.

ಕೋಟೆಯೊಳಗೆ ಹೋದವರಿಗೆ ಶವಪೆಟ್ಟಿಗೆ ಸಿಗುವುದಿಲ್ಲ, ರಾಣಿಯ ಮಂಚ ಸಿಗುತ್ತದೆ. 1920ರಲ್ಲಿ ಬ್ರಶೋವ್ ನಗರ ಈ ಕೋಟೆಯನ್ನು ರಾಣಿ ಮೇರಿಗೆ ಉಡುಗೊರೆ ಕೊಟ್ಟಿತು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮೊಮ್ಮಗಳು ಈಕೆ. ಒಪ್ಪವಾಗಿ ಸುಣ್ಣ ಬಳಿಸಿ, ಬಾವಿಯೊಳಗೆ ಲಿಫ್ಟ್ ಹಾಕಿಸಿ, ಇಷ್ಟಪಟ್ಟು ಇದ್ದಳು. ಸತ್ತ ಮೇಲೆ ಅವಳ ಹೃದಯವನ್ನು ಬೇರೆ ತೆಗೆದು ಪೆಟ್ಟಿಗೆಯಲ್ಲಿಟ್ಟು ಕಪ್ಪು ಸಮುದ್ರದ ದಡದ ಬಾಲ್ಚಿಕ್‌ನಲ್ಲಿ ಇರಿಸಿದ್ದರು. 1940ರಲ್ಲಿ ಆ ಊರು ಬಲ್ಗೇರಿಯಾದ ಪಾಲಾದಾಗ ಹೃದಯವನ್ನು ಬ್ರಾನ್‌ಗೆ ತಂದರು. ಪೆಟ್ಟಿಗೆಯಲ್ಲಿ ಒಂದು ಹೃದಯ, ಅದೂ ರಾಣಿಯದು, ಅದೂ ಗಡಿಯಿಂದ ಗಡಿಗೆ ಅಲೆದದ್ದು. ಇದಕ್ಕಿಂತ ಮೈ ಜುಮ್ಮೆನ್ನುವ ಕಥೆ ಬೇಕಾ? ಆದರೆ ಇದು ನಿಜ, ಆದ್ದರಿಂದ ಟೀ ಶರ್ಟಿನ ಮೇಲೆ ಬರುವುದಿಲ್ಲ. ಬರುವುದು ಕೋರೆಹಲ್ಲು.

1948ರಲ್ಲಿ ಸರ್ಕಾರ ಕೋಟೆ ಕಿತ್ತುಕೊಂಡಿತು, 2006ರಲ್ಲಿ ರಾಣಿಯ ಮೊಮ್ಮಕ್ಕಳಿಗೆ ವಾಪಸ್ ಕೊಟ್ಟಿತು. ಅಲ್ಲಿಂದ ಮುಂದೆ ಡ್ರಾಕುಲಾನ ಸಂಸಾರ ಚೆನ್ನಾಗಿ ನಡೆಯುತ್ತಿದೆ. 2016ರ ಹ್ಯಾಲೋವೀನ್ ರಾತ್ರಿ ಸ್ಪರ್ಧೆಯಲ್ಲಿ ಗೆದ್ದ ಇಬ್ಬರನ್ನು ಕರೆಸಿ ಶವಪೆಟ್ಟಿಗೆಯಲ್ಲಿ ಮಲಗಿಸಿದರು. ಜನ ಮಲಗಲು ಸಾಲು ನಿಂತಿದ್ದರು ಅನ್ನುವುದು ಗಮನಿಸಬೇಕಾದ್ದು. 2021ರ ಮೇ ತಿಂಗಳಲ್ಲಿ ಇದೇ ಕೋಟೆಯಲ್ಲಿ ಕೊರೊನಾ ಲಸಿಕೆ ಹಾಕಿದರು. ಡಾಕ್ಟರ್, ನರ್ಸುಗಳ ಬಟ್ಟೆಯ ಮೇಲೆ ಕೋರೆಹಲ್ಲಿನ ಸ್ಟಿಕ್ಕರ್. ಚುಚ್ಚಿಸಿಕೊಂಡವರಿಗೆ ಮಧ್ಯಯುಗದ ಚಿತ್ರಹಿಂಸೆಯ 52 ಉಪಕರಣಗಳ ಪ್ರದರ್ಶನಕ್ಕೆ ಉಚಿತ ಪ್ರವೇಶ. ಸೂಜಿಗೆ ಹೆದರುವವನಿಗೆ ಧೈರ್ಯ ತುಂಬುವ ಇಂಥ ಉಪಾಯ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೊಳೆದಿರಲಿಲ್ಲ. ಸುಮ್ನೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ ಕಳಿಸುತ್ತಿದ್ದರು.

ಕೋಟೆ ಇಳಿದರೆ ಸಂತೆ. ಡ್ರಾಕುಲಾ ಮಗ್ಗು, ಡ್ರಾಕುಲಾ ವೈನು, ಮರದ ಕತ್ತಿ, ಕುರಿ ತುಪ್ಪಟದ ಟೋಪಿ. ಫರ್ ಮರದ ತೊಗಟೆಯಲ್ಲಿ ಸುತ್ತಿದ ಚೀಸೂ ಇದೆ. ಕುರುಬರು ಮಾಡುವ ಆ ಚೀಸು ಇಡೀ ಸಂತೆಯಲ್ಲಿ ಈ ಊರಿನದೇ ಅನ್ನಬಹುದಾದ ವಸ್ತು. ಕೊಳ್ಳಬೇಕಿದ್ದರೆ ಅದನ್ನು ಕೊಳ್ಳಿ. ನಮ್ಮ ಕಡೆಯ ಹಿರಿಯರು ಗುಂಪಿನಲ್ಲಿದ್ದರೆ ಇಷ್ಟು ಹೊತ್ತಿಗೆ ಅವರಿಗೆ ಸಾಕಾಗಿರುತ್ತದೆ. “ಏನಮ್ಮಾ, ಆ ದೆವ್ವದ್ದು ಆಯ್ತಲ್ವಾ? ಒಂದು ಲೋಟ ಕಾಫಿ ಎಲ್ಲಾದರೂ ಸಿಗುತ್ತಾ ಕೇಳು.” “ಆಯ್ತು ಮಾವ, ಇನ್ನೊಂದೇ ಕೋಟೆ.”

ಆ ಇನ್ನೊಂದು ಕೋಟೆ ಪೆಲೆಶ್ ಆಗಿದ್ದರೆ ಕರಪತ್ರದ ‘ಮಧ್ಯಯುಗದ ಕೋಟೆಗಳು’ ಅನ್ನುವ ಮಾತಿಗೆ ಸ್ವಲ್ಪ ಕಷ್ಟ ಬರುತ್ತದೆ. ರಾಜ ಒಂದನೇ ಕಾರೋಲ್ ಇದಕ್ಕೆ ಅಡಿಪಾಯ ಹಾಕಿದ್ದು 1870ರ ದಶಕದಲ್ಲಿ. ಗೃಹಪ್ರವೇಶ 1883ರಲ್ಲಿ, ಕೆಲಸ ಪೂರ್ತಿ ಮುಗಿದದ್ದು 1914ರಲ್ಲಿ. ಕರೆಂಟು, ಗೋಡೆಯೊಳಗಿನಿಂದಲೇ ಮನೆ ಬೆಚ್ಚಗಿಡುವ ಏರ್ಪಾಡು, ಧೂಳು ಹೀರುವ ಯಂತ್ರ ಎಲ್ಲ ಇದೆ. ನಮ್ಮ ಮೈಸೂರು ಅರಮನೆ ಮುಗಿದದ್ದು 1912ರಲ್ಲಿ. ಪೆಲೆಶ್ ಮಧ್ಯಯುಗದ್ದಾದರೆ ಅಂಬಾವಿಲಾಸ ಶಿಲಾಯುಗದ್ದು.

ಆ ಇನ್ನೊಂದು ಕೋಟೆ ರಶ್ನೋವ್ ಆಗಿದ್ದರೆ ಪರವಾಗಿಲ್ಲ, ಅದು ನಿಜವಾದ ಮಧ್ಯಯುಗದ ಕೋಟೆ. 13ನೇ ಶತಮಾನದಲ್ಲಿ ಟ್ಯೂಟಾನಿಕ್ ಎಂಬ ಜರ್ಮನ್ ಧಾರ್ಮಿಕ ಪಡೆಯ ಯೋಧರು ಶುರು ಮಾಡಿದ್ದು, ಆಮೇಲೆ ಸುತ್ತಲ ರೈತರು ದಾಳಿ ಬಂದಾಗ ಹೆಂಡತಿ ಮಕ್ಕಳೊಂದಿಗೆ ಇಲ್ಲೇ ಅವಿತುಕೊಳ್ಳುತ್ತಿದ್ದರು. ಬಂಡೆ ಕೊರೆದು ತೋಡಿದ ಬಾವಿ 140 ಮೀಟರಿಗಿಂತ ಆಳ. ಇಷ್ಟೆಲ್ಲ ಇದ್ದರೂ ಸಾಲದು ಅನ್ನಿಸಿ ಬೆಟ್ಟದ ಮೇಲೆ ಹಾಲಿವುಡ್ ಮಾದರಿಯ ಬಿಳಿ ಅಕ್ಷರಗಳಲ್ಲಿ ಊರಿನ ಹೆಸರು ನಿಲ್ಲಿಸಿದ್ದಾರೆ. ಪಕ್ಕದ ಕಾಡಿನಲ್ಲಿ ಡೈನೋಸಾರ್ ಪಾರ್ಕು. ಒಂದೇ ದಿನದಲ್ಲಿ ಕರಡಿ, ರಕ್ತಪಿಶಾಚಿ, ಡೈನೋಸಾರ್. ಮಕ್ಕಳು ಮನೆಗೆ ಬಂದು ಚಿತ್ರ ಬರೆದರೆ ಟೀಚರ್ ಅಪ್ಪ-ಅಮ್ಮನನ್ನು ಕರೆಸುವುದು ಖಂಡಿತ.

ಇಷ್ಟು ಹೇಳಿ ವ್ಲಾದ್‌ನ ಅಸಲಿ ಕೋಟೆಯ ವಿಷಯ ಬಿಟ್ಟರೆ ತಪ್ಪಾಗುತ್ತದೆ. ಪೋಯೆನಾರಿ ಅಂತ ಅದರ ಹೆಸರು, ಬೆಟ್ಟಗಳ ದಕ್ಷಿಣದ ಇಳಿಜಾರಿನಲ್ಲಿದೆ. ಹತ್ತಲು 1480 ಮೆಟ್ಟಿಲು, ಮೇಲೆ ಮುರಿದ ಗೋಡೆಗಳು. ಲಿಫ್ಟ್ ಇಲ್ಲ, ಮಗ್ಗು ಮಾರುವವರ ಸಾಲು ಇಲ್ಲ. ಒಂದು ದಿನದ ವ್ಯಾನುಗಳು ಆ ಕಡೆ ತಲೆ ಹಾಕುವುದು ಕಡಿಮೆ. ಹಾಗೂ ಹಟಕ್ಕೆ ಬಿದ್ದು ಹೋದವರು ಗೇಟಿಗೆ ಬೀಗ ನೋಡಿ ವಾಪಸ್ ಬಂದದ್ದೂ ಉಂಟು. ಕಾರಣ, ಮೆಟ್ಟಿಲ ಹಾದಿಯಲ್ಲಿ ಕಾಡು ಕರಡಿ ಓಡಾಟ. ಅಲ್ಲದ ಕೋಟೆ ವಾರವಿಡೀ ತೆರೆದಿರುತ್ತದೆ, ಹೌದಾದ ಕೋಟೆಗೆ ಕರಡಿ ಕಾವಲು. ಟೂರಿನವರು ಬಯಸಿದ ಎರಡೂ ಐಟಂ ಒಂದೇ ಜಾಗದಲ್ಲಿ, ಒಂದೇ ಬೆಟ್ಟದ ಮೇಲೆ, ನೈಸರ್ಗಿಕವಾಗಿ ಸಿಕ್ಕಿಬಿಟ್ಟಿವೆ. ಅದಕ್ಕೇ ಬಾಗಿಲು ಮುಚ್ಚಿದರು.

ಧಾಮದ ಬೇಲಿಯ ಹೊರಗಿನ ಕಾಡು ಕರಡಿಗಳ ಕಥೆಯೇ ಬೇರೆ. ಚಾವುಶೆಸ್ಕು ಕಾಲದಲ್ಲಿ ಕರಡಿ ಬೇಟೆ ಸರ್ವಾಧಿಕಾರಿಯ ಖಾಸಗಿ ಖುಷಿ. ಅವನಿಗೆ ಕೊಬ್ಬಿದ ಕರಡಿಯೇ ಬೇಕು ಅಂತ ಕಾಡಿಗೇ ಹೋಗಿ ಮೇವು ಹಾಕಿ ಬೆಳೆಸುತ್ತಿದ್ದರು. 2016ರಲ್ಲಿ ಶೋಕಿ ಬೇಟೆ ನಿಂತಿತು. 2024ರಲ್ಲಿ ಚಾರಣಕ್ಕೆ ಹೋದ ಯುವತಿಯೊಬ್ಬಳು ಕರಡಿಗೆ ಬಲಿಯಾದಳು. ರಜೆಯಲ್ಲಿದ್ದ ಸಂಸತ್ತನ್ನು ಕೂಡಲೇ ಕರೆಸಿ 481 ಕರಡಿ ಕೊಲ್ಲಲು ಅನುಮತಿ ಕೊಟ್ಟರು. ಅದೇ ದೇಶದ ಟ್ರಾನ್ಸ್‌ಫಗರಾಶಾನ್ ಬೆಟ್ಟದ ರಸ್ತೆಯಲ್ಲಿ ‘ಕರಡಿಗೆ ತಿಂಡಿ ಹಾಕಬೇಡಿ’ ಅನ್ನುವ ಬೋರ್ಡುಗಳ ಕೆಳಗೇ ಕಾರು ನಿಲ್ಲಿಸಿ, ಗಾಜಿಳಿಸಿ, ಚಿಪ್ಸ್ ನೀಡುವವರ ಸಾಲು ಇರುತ್ತದೆ. ಕರಡಿಗಳೂ ಕಲಿತಿವೆ. ರಸ್ತೆ ಬದಿಯ ತಡೆಗೋಡೆಗೆ ಎರಡೂ ಕೈ ಊರಿ ಗಾಡಿ ಕಾಯುತ್ತವೆ. ಗಾಡಿ ನಿಂತಿತೋ, ವಸೂಲಿ ಶುರು.

ವ್ಯಾನು ರಾತ್ರಿ ಬುಖಾರೆಸ್ಟ್ ಮುಟ್ಟುವ ಹೊತ್ತಿಗೆ ಗೈಡ್ ನಾಳಿನ ಟೂರಿನ ಕರಪತ್ರ ಹಂಚುತ್ತಾನೆ. ಟ್ರಾನ್ಸ್‌ಫಗರಾಶಾನ್ ರಸ್ತೆ, ದಾರಿಯಲ್ಲಿ ಕಾಡು ಕರಡಿ ಸಿಗುವ ಸಾಧ್ಯತೆ ಉಂಟು, ಅಂತ ಅದರಲ್ಲಿ ದಪ್ಪ ಅಕ್ಷರದಲ್ಲಿದೆ. ಮುಂಗಡ ಕೊಟ್ಟು ಹೆಸರು ಬರೆಸುವವರಲ್ಲಿ, ಬೆಳಿಗ್ಗೆ ಮಾಯಾ ಕಥೆ ಕೇಳಿ ಎಲ್ಲರಿಗಿಂತ ಜಾಸ್ತಿ ಅತ್ತವರೇ ಮುಂದಿರುತ್ತಾರೆ. ಪ್ರಾಣಿಪ್ರಿಯರು ಅವರು, ಅಲ್ವಾ? ದಾರಿಗೆ ಚಿಪ್ಸ್ ಎಲ್ಲಿ ಸಿಗುತ್ತೆ ಅಂತಲೂ ಅವರೇ ವಿಚಾರಿಸುತ್ತಾರೆ.