ಕೂಸಿಗೆ ಮುಂಚೆ ಕುಲಾವಿ, ಐಸಿಗೆ ಮುಂಚೆ ಬೈರಿಗೆ

ಡಿಸೆಂಬರ್ ಮೊದಲ ವಾರ ಅಮೆರಿಕದ ಮಿನ್ನೆಸೋಟದ ಕೆರೆಗಳು ಗಟ್ಟಿಯಾಗೋಣವೋ ಬೇಡವೋ ಎಂದು ಇನ್ನೂ ಮೀನ ಮೇಷ ಎಣಿಸುತ್ತಿರುತ್ತವೆ. ದಂಡೆಯಲ್ಲಿ ಎರಡಿಂಚು ಐಸ್, ನಡುವೆ ನೀರು. ಮನುಷ್ಯ ನಡೆದು ಹೋಗಲು ಕನಿಷ್ಠ 4 ಇಂಚು ಹೊಸ, ತಿಳಿ ಐಸ್ ಬೇಕು, ಬಿಳಿ ಐಸಾದರೆ ಅದರ ಎರಡರಷ್ಟು ಬೇಕು ಎಂದು ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರತಿ ವರ್ಷ ಹೇಳಿ ಹೇಳಿ ಸುಸ್ತಾಗಿದೆ. ಸರಿಯಾಗಿ ಅದೇ ಹೊತ್ತಿಗೆ ಸೇಂಟ್ ಪಾಲ್ ನಗರದ ರಿವರ್‌ಸೆಂಟರ್ ಸಭಾಂಗಣದಲ್ಲಿ ಐಸ್ ಫಿಶಿಂಗ್, ಅಂದರೆ ಗಟ್ಟಿಯಾದ ಕೆರೆಗೆ ತೂತು ಕೊರೆದು ಮೀನು ಹಿಡಿಯುವ ಹವ್ಯಾಸದ, ಸಲಕರಣೆ ಮೇಳ ಶುರುವಾಗುತ್ತದೆ. ಹೊರಗೆ ಕೊರೆಯಲು ಐಸಿಲ್ಲ. ಒಳಗೆ ಕೊರೆಯುವ ಯಂತ್ರಕ್ಕೆ ಸಾಲು ನಿಂತಿದೆ.

ಅಗ್ಗದ ಮಾಲಿಗೆ ಬಂದವರು ಮೊದಲು ಪಾರ್ಕಿಂಗಿಗೆ ದುಡ್ಡು ಕೊಡುತ್ತಾರೆ, ಆಮೇಲೆ ಪ್ರವೇಶಕ್ಕೆ ಟಿಕೆಟ್ ಕೊಳ್ಳುತ್ತಾರೆ. ಡಿಸ್ಕೌಂಟಿನ ಮುಖ ನೋಡಲೂ ದಕ್ಷಿಣೆ ಇಡಬೇಕಾದ ಕ್ಷೇತ್ರ ಇದು. ಒಳಗೆ ಬೆಚ್ಚನೆಯ ಸಭಾಂಗಣದಲ್ಲಿ, ಐಸಿನ ಮೇಲೆ ಹಾಕಿಕೊಂಡು ಕೂರುವ ಗುಡಾರಗಳನ್ನು ಬಿಚ್ಚಿಟ್ಟಿರುತ್ತಾರೆ. ಸ್ವೆಟರ್ ತೊಟ್ಟವರು ಒಬ್ಬೊಬ್ಬರಾಗಿ ಒಳಗೆ ತೂರಿ, ಜಿಪ್ ಎಳೆದುಕೊಂಡು, ಎರಡು ನಿಮಿಷ ಕೂತು, ಬೆವರು ಒರೆಸಿಕೊಳ್ಳುತ್ತ ಹೊರಬಂದು ಸರ್ಟಿಫಿಕೇಟ್ ಕೊಡುತ್ತಾರೆ: "ಪರವಾಗಿಲ್ಲ, ಒಳ್ಳೇ ಬೆಚ್ಚಗಿದೆ!"

ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ "ಮೇಳದ ವಿಶೇಷ ದರ" ಎಂದಿರುತ್ತದೆ. ಪಕ್ಕದ ಮಳಿಗೆಯಲ್ಲೂ ಅದೇ ವಿಶೇಷ, ಅದೇ ದರ. ನಿಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಯಾವ ವಿಶೇಷವೂ ಇಲ್ಲದೆ ಬಹುಪಾಲು ಅದೇ ದರ. ಇದು ಪವಾಡವಲ್ಲ. ಈ ವರ್ಷದ ಮಾಡೆಲ್ಲುಗಳಿಗೆ ಅನೇಕ ಕಂಪನಿಗಳು ಇಂತಿಷ್ಟಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ಹಾಕಕೂಡದು ಎಂದು ವ್ಯಾಪಾರಿಗಳಿಗೆ ಕಟ್ಟು ಹಾಕಿರುತ್ತವೆ. ವ್ಯಾಪಾರಿ ಬೋರ್ಡಿನ ಅಂಕಿಯನ್ನು ಮುಟ್ಟುವಂತಿಲ್ಲ. ಒಂದು ಚೀಲ, ಒಂದು ಗಿಫ್ಟ್ ಕಾರ್ಡ್, ಹೆಚ್ಚುವರಿ ಬ್ಯಾಟರಿ ಸೇರಿಸಿ ಕೊಡಬಹುದು ಅಷ್ಟೆ. ಬೆಲೆ ನಿಜವಾಗಿ ಇಳಿಯುವುದು ಕಳೆದ ವರ್ಷದ ಬಣ್ಣದ ಮೇಲೆ. ಹಳೇ ಬಣ್ಣ ಕಂಡು ಮೀನು ಮುಖ ತಿರುಗಿಸಿದ್ದನ್ನು ಯಾರೂ ನೋಡಿಲ್ಲ. ಮುಖ ತಿರುಗಿಸುವವರು ಕೊಳ್ಳಲು ಬಂದವರು. ಇನ್ನೊಂದು ಸಂದಿ ಎಂದರೆ ಭಾನುವಾರ ಮಧ್ಯಾಹ್ನದ ಕೊನೆಯ ಎರಡು ಗಂಟೆ. ಪ್ರದರ್ಶನಕ್ಕಿಟ್ಟ ಗುಡಾರವನ್ನು ಮಡಚಿ ಲಾರಿಗೆ ಹೇರುವುದಕ್ಕಿಂತ ನಿಮ್ಮ ಕಾರಿಗೆ ಹೇರುವುದು ಮೇಲು ಎಂದು ಮಳಿಗೆಯವರಿಗೆ ಅನ್ನಿಸತೊಡಗುವ ಗಳಿಗೆ ಅದು. ಆದರೆ ಜನ ಶುಕ್ರವಾರ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಲ್ಲುತ್ತಾರೆ, ಮಾಲು ಮುಗಿದುಹೋದರೆ ಎಂದು.

ಐಸ್ ಕೊರೆಯುವ ಬೈರಿಗೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಇದು ಕೆರೆಗೆ ತೂತು ಹಾಕುವ ಮುಂಚೆ ಜೇಬಿನಲ್ಲಿ ಪ್ರಾಕ್ಟೀಸ್ ಮಾಡುವ ಸಾಮಾನು. ಅಂಗೈ ಅಗಲದ ಬ್ಲೂಗಿಲ್, ಪರ್ಚ್ ಮೀನಿಗೆ 6 ಇಂಚಿನ ತೂತು ಧಾರಾಳ. ಮಾರುವವರು ಮಾತ್ರ 10 ಇಂಚಿನದನ್ನೇ ಮುಂದಿಡುತ್ತಾರೆ. ದೊಡ್ಡ ಮೀನು ಸಿಕ್ಕಿಬಿಟ್ಟರೆ? ಸಿಗದ ಮೀನಿನ ಅಳತೆಗೆ ಬಾಗಿಲು ಇಡಿಸುವ ವಾಸ್ತು ಇದು. ಲೆಕ್ಕ ಸಲೀಸು: 6 ಇಂಚಿನ ತೂತಿಗಿಂತ 8 ಇಂಚಿನದಕ್ಕೆ ಮುಕ್ಕಾಲು ಪಾಲಿಗೂ ಹೆಚ್ಚು ಐಸ್ ಕೊರೆಯಬೇಕು, 10 ಇಂಚಿನದಕ್ಕೆ ಸುಮಾರು 2.8 ಪಟ್ಟು. ಬ್ಯಾಟರಿಯೂ ಅಷ್ಟೇ ಬೇಗ ಕೈ ಎತ್ತುತ್ತದೆ. ಎರಡನೇ ಬ್ಯಾಟರಿಗೆ ಡಿಸ್ಕೌಂಟ್ ಇಲ್ಲ.

"ಮನೇಲಿ ಡ್ರಿಲ್ ಇದೆ, ಬರೀ ಬೈರಿಗೆ ಬಿಟ್ ಕೊಂಡರೆ ಸಾಕು" ಅನ್ನುವ ಜಾಣರೂ ಇದ್ದಾರೆ. ದಾರಿ ಸರಿಯೇ, ಡ್ರಿಲ್ ಸರಿ ಇದ್ದರೆ. ಅರ್ಧ ಇಂಚಿನ ಚಕ್ (ಬಿಟ್ ಕಚ್ಚಿ ಹಿಡಿಯುವ ಬಾಯಿ), ಬ್ರಷ್‌ಲೆಸ್ ಮೋಟರ್, 18 ವೋಲ್ಟಿನ 5 ಆಂಪಿಯರ್-ಅವರ್ ಬ್ಯಾಟರಿ ಇರಬೇಕು. ಮುಖ್ಯವಾಗಿ ಪಕ್ಕದ ಹಿಡಿ ಇರಬೇಕು. ಗೋಡೆಗೆ ಫೋಟೊ ತೂಗುಹಾಕಲು ತಂದ ಪುಟ್ಟ ಡ್ರಿಲ್ಲನ್ನು ಕೆರೆಗೆ ಒಯ್ದರೆ ಅಲಗು ಐಸಿಗೆ ಕಚ್ಚಿಕೊಂಡ ಕ್ಷಣ ಬಿಟ್ ನಿಲ್ಲುತ್ತದೆ, ಡ್ರಿಲ್ ತಿರುಗುತ್ತದೆ, ಜೊತೆಗೆ ಮಣಿಕಟ್ಟೂ ತಿರುಗುತ್ತದೆ. ಬಿಟ್ಟಿನ ಮೇಲ್ತುದಿಗೆ ತೂತಿಗಿಂತ ಅಗಲವಾದ ತಟ್ಟೆ ಹಾಕದಿದ್ದರೆ, ಚಕ್ ಸಡಿಲವಾದ ದಿನ ಅದು ನೇರವಾಗಿ ಕೆರೆಯ ತಳಕ್ಕೆ. ಆ ತಟ್ಟೆ ಕೆಲವು ಡಾಲರಿನ ಮಾಲು. ಅಗ್ಗದ್ದು, ಅದಕ್ಕೇ ಯಾರೂ ಕೊಳ್ಳುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೈಬೈರಿಗೆ ನೋಡುವವರು ಬಣ್ಣ ನೋಡುತ್ತಾರೆ. ನೋಡಬೇಕಾದ್ದು ಅಲಗು. ಬೆಳಕಿಗೆ ಹಿಡಿದಾಗ ಅಂಚಿನ ಮೇಲೆ ಬೆಳ್ಳಗೆ ಸಣ್ಣ ಗೆರೆ ಮಿನುಗಿದರೆ ಅಲಗು ಮೊಂಡಾಗಿದೆ. ಹರಿತವಾದ ಅಂಚು ಮಿನುಗುವುದಿಲ್ಲ. ದಂಡೆಯ ಮರಳು ಒಮ್ಮೆ ತಗುಲಿದರೂ ಸಾಕು, ಅಂಚು ಹೋಯಿತು. ಗಟ್ಟಿ ಐಸಿಗೆ ಎತ್ತಿ ಕುಕ್ಕಿದ್ದರೆ ಅಲಗು ಕೂರುವ ಪಟ್ಟಿ ಬಗ್ಗಿ ಕೋನ ತಪ್ಪಿರುತ್ತದೆ. ಆಗ ಹೊಸ ಅಲಗು ಹಾಕಿದರೂ ಅದು ಕಚ್ಚುವುದಿಲ್ಲ, ಐಸಿನ ಮೇಲೆ ಗಿರಿಗಿಟ್ಟಲೆ ಆಡುತ್ತದೆ. ಮನೆಯ ಅರದಲ್ಲಿ ಉಜ್ಜಿ ಸರಿಮಾಡುತ್ತೇನೆ ಎನ್ನುವವರಿಗೆ ಶುಭವಾಗಲಿ.

ಇನ್ನು ಮೀನು ತೋರಿಸುವ ಪೆಟ್ಟಿಗೆ. ವೆಕ್ಸಿಲಾರ್ ಕಂಪನಿಯದರಂಥ ಹಳೇ ಬಗೆಯ ಫ್ಲಾಶರ್ ಕೆಲವು ನೂರು ಡಾಲರಿಗೆ ಕೆಳಗೆ ಮೀನಿದೆಯೇ ಎಂದು ಬಣ್ಣದ ಗೆರೆಯಲ್ಲಿ ಹೇಳುತ್ತದೆ. ಅದರ ಹಲವು ಪಟ್ಟು ಕೊಟ್ಟು ಗಾರ್ಮಿನ್ ಲೈವ್‌ಸ್ಕೋಪ್ ತಂದರೆ ಮೀನು ಬಂದು, ಗಾಳ ಮೂಸಿ, ಬೇಡವೆಂದು ಹೋಗುವುದನ್ನು ನೇರ ಪ್ರಸಾರದಲ್ಲಿ ನೋಡಬಹುದು. ತಿರಸ್ಕಾರಕ್ಕೆ ಅಷ್ಟೊಂದು ಸ್ಪಷ್ಟತೆ ಬೇಕಿತ್ತೇ ಎಂಬುದು ಅವರವರ ಭಾವಕ್ಕೆ ಬಿಟ್ಟದ್ದು. ಗಾಳದ ಕೋಲುಗಳ ಸಾಲಿನಲ್ಲೂ ಹೀಗೇ. ಮಿನ್ನೆಸೋಟದ ಕಾನೂನು ಐಸಿನ ಮೇಲೆ ಒಬ್ಬರಿಗೆ ಎರಡೇ ಗಾಳ ಎನ್ನುತ್ತದೆ, ಅಂಗಡಿ ಮಾತ್ರ ಹತ್ತು ಕೋಲು ಹಿಡಿಸುವ ಪೆಟ್ಟಿಗೆಯನ್ನು "ಅರ್ಧ ಬೆಲೆ" ಎನ್ನುತ್ತದೆ.

ಹೀಟರಿನ ಡಿಸ್ಕೌಂಟನ್ನು ಹತ್ತಿರದಿಂದ ನೋಡಬೇಕು. ಬೆಲೆ ಇಳಿಸಿದ್ದು ಹೀಟರಿಗೆ. ಗಂಟೆಗೆ 9,000 ಬಿಟಿಯು ಶಾಖ ಬರುವಂತೆ ಉರಿಸಿದರೆ ಒಂದು ಪೌಂಡಿನ ಪ್ರೊಪೇನ್ ಡಬ್ಬಿ ಎರಡೂವರೆ ಗಂಟೆಯೂ ಬಾರದು, ಕಡು ಚಳಿಯಲ್ಲಿ ಡಬ್ಬಿಯೊಳಗಿನ ಒತ್ತಡವೂ ಕುಸಿಯುತ್ತದೆ. ಆದ್ದರಿಂದ 20 ಪೌಂಡಿನ ಸಿಲಿಂಡರ್ ಬೇಕು. ಅದಕ್ಕೆ ಪೈಪ್ ಬೇಕು. ಮಾಮೂಲಿ ರಬ್ಬರ್ ಪೈಪಿನಿಂದ ಎಣ್ಣೆಯಂಥ ಅಂಟು ಬಿಟ್ಟುಕೊಂಡು ಹೀಟರಿನ ಬಾಯಿ ಕಟ್ಟುತ್ತದೆ, ಹಾಗಾಗಿ ನಡುವೆ ಫಿಲ್ಟರ್ ಬೇಕು. ಹೀಟರ್ ಬಾಗಿಲ ಬಳಿ, ಪೈಪ್ ಏಳನೇ ಸಾಲಿನಲ್ಲಿ, ಫಿಲ್ಟರ್ ಗಾಜಿನ ಕಪಾಟಿನಲ್ಲಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಎಲ್ಲಿ ಅಂದರೆ ಹುಡುಗ ಒಳಗೆ ಹೋಗಿ ಕೇಳಿಕೊಂಡು ಬರುತ್ತಾನೆ. ಮುಚ್ಚಿದ ಗುಡಾರದಲ್ಲಿ ಉರಿ ಇಟ್ಟು ಕೂರುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದ ವಸ್ತು ಅದೇ; "ವಿಶೇಷ ದರ"ದ ಚೀಟಿ ಅಂಟದ ವಸ್ತುವೂ ಅದೇ.

ಬಕೆಟ್ಟಿಗೂ ಒಂದು ಮಾತು. ಐದು ಗ್ಯಾಲನ್ನಿನ ಪ್ಲಾಸ್ಟಿಕ್ ಬಕೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಬಕೆಟ್ಟಿನ ಬೆಲೆಗೆ ಸಿಗುತ್ತದೆ. ಅದಕ್ಕೆ ಮೆತ್ತನೆ ಮುಚ್ಚಳ ಹಾಕಿ ಮೀನಿನ ಚಿತ್ರ ಅಂಟಿಸಿದರೆ ಅದು ಸಲಕರಣೆ.

ಇಷ್ಟೆಲ್ಲ ಕೊಂಡ ಮೇಲೂ ಕೆರೆ ಮನಸ್ಸು ಮಾಡಬೇಕಲ್ಲ. 2023ರ ಡಿಸೆಂಬರ್ ಕೊನೆಯಲ್ಲಿ ಅದೇ ರಾಜ್ಯದ ಅಪ್ಪರ್ ರೆಡ್ ಲೇಕ್ ಎಂಬ ಕೆರೆಯಲ್ಲಿ ಐಸ್ ಹಾಳೆ ಕಳಚಿಕೊಂಡು ತೇಲಿ, ಮೇಲೆ ಕೂತಿದ್ದ ನೂರಕ್ಕೂ ಹೆಚ್ಚು ಜನರನ್ನು ದಡಕ್ಕೆ ತರಬೇಕಾಯಿತು. ಮರು ತಿಂಗಳು, ಸಾವಿರಾರು ತೂತು ಕೊರೆದು ನಡೆಸುವ ಬ್ರೈನರ್ಡ್ ಊರಿನ ದೊಡ್ಡ ಮೀನು ಹಿಡಿಯುವ ಸ್ಪರ್ಧೆ ಐಸ್ ಸಾಲದೆ ರದ್ದಾಯಿತು. ಮೇಳದ ಬ್ಯಾಟರಿಗಳು ಆ ಚಳಿಗಾಲ ಗ್ಯಾರೇಜಿನಲ್ಲಿ ಫುಲ್ ಚಾರ್ಜ್ ಆಗಿ ಕೂತಿದ್ದವು.

ಒಳ್ಳೆಯ ವರ್ಷದಲ್ಲಿ ಜನವರಿ ಮಧ್ಯಕ್ಕೆ ಐಸ್ ಒಂದಡಿ ದಾಟುತ್ತದೆ. ಕೆರೆ ತಯಾರು. ಅಷ್ಟರಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ದೋಣಿ ಮೇಳ. ಅಂಗಡಿಗೆ ಹೋಗಿ ಗ್ಲೌಸ್ ಕೇಳಿದರೆ "ಖಾಲಿ ಸರ್, ಲೈಫ್ ಜಾಕೆಟ್ ಹೊಸ ಸ್ಟಾಕ್ ಬಂದಿದೆ" ಎಂಬ ಉತ್ತರ. ಟ್ವಿನ್ ಸಿಟೀಸ್ ಎಂದು ಕರೆಯುವ ಮಿನ್ನಿಯಾಪೊಲಿಸ್-ಸೇಂಟ್ ಪಾಲ್‌ನ ಕನ್ನಡದ ಮನೆಗಳಿಗೆ ನಿಜವಾದ ಅಗ್ಗದ ಬಾಬತ್ತು ಇರುವುದು ಆ ತಿಂಗಳಲ್ಲೇ. ಮಾರ್ಟಿನ್ ಲೂಥರ್ ಕಿಂಗ್ ರಜೆಯ ವಾರಾಂತ್ಯದಲ್ಲಿ 15 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಗುವನ್ನು ಕರೆದೊಯ್ದರೆ ಆ ರಾಜ್ಯದ ದೊಡ್ಡವರಿಗೂ ಮೀನು ಹಿಡಿಯುವ ಲೈಸೆನ್ಸ್ ಬೇಕಿಲ್ಲ. ಮಿಲ್ ಲ್ಯಾಕ್ಸ್ ಕೆರೆಯ ದಂಡೆಯ ರೆಸಾರ್ಟುಗಳಲ್ಲಿ ಹೀಟರ್ ಹಚ್ಚಿ, ತೂತು ಕೊರೆದಿಟ್ಟ, ಐಸಿನ ಮೇಲೆ ನಿಲ್ಲಿಸಿದ ಪುಟ್ಟ ಮನೆಯಂಥ ಗೂಡು ಬಾಡಿಗೆಗೆ ಸಿಗುತ್ತದೆ. ಇದರಲ್ಲಿ ತೊಂದರೆ ಒಂದೇ: ಕೊಳ್ಳಲು ಏನೂ ಇರುವುದಿಲ್ಲ.

ಬೆಲೆ ಬೀಳುವ ಕಾಲ ಮಾರ್ಚ್. ದಕ್ಷಿಣ ಮಿನ್ನೆಸೋಟದಲ್ಲಿ ತಿಂಗಳ ಮೊದಲ ಸೋಮವಾರ, ಉತ್ತರದಲ್ಲಿ ಮೂರನೇ ಸೋಮವಾರದೊಳಗೆ ಗೂಡುಗಳನ್ನು ಐಸಿನಿಂದ ಎತ್ತಬೇಕು. ಅದು ಅಲ್ಲಿನ ಆಷಾಢ. ನಮ್ಮವರು ಆಷಾಢದ ಸೇಲಿನಲ್ಲಿ ಶ್ರಾವಣದ ಮದುವೆಗೆ ಸೀರೆ ತೆಗೆದಿಟ್ಟುಕೊಳ್ಳುವಷ್ಟು ಬುದ್ಧಿವಂತರು. ಅಲ್ಲಿ ಮಾರ್ಚಿನ ಮಾಲಿಗೆ ಬರುವವರು ಕಡಿಮೆ. ಆನ್‌ಲೈನಿನಲ್ಲಿ "ಎರಡೇ ಸಲ ಬಳಸಿದ್ದು, ಹೆಂಡತಿ ಹೇಳಿದ್ದಕ್ಕೆ ಮಾರುತ್ತಿದ್ದೇನೆ" ಎಂಬ ಜಾಹೀರಾತು ಕಂಡರೆ ಮಲ್ಟಿಮೀಟರ್ ಹಿಡಿದು ಹೋಗಿ. ಚಾರ್ಜ್ ಮಾಡಿ ಇಟ್ಟ ಫ್ಲಾಶರಿನ 12 ವೋಲ್ಟ್ ಲೆಡ್ ಬ್ಯಾಟರಿ 12.7ರ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿಗೆ ತಿಥಿ ಮಾಡಿ, ಹೊಸದರ ಬೆಲೆಯನ್ನು ಮಾರುವವರ ಲೆಕ್ಕದಲ್ಲಿ ಕಳೆಯಿರಿ. ಗುಡಾರವನ್ನು ಪೂರ್ತಿ ಬಿಡಿಸಿ ನಿಲ್ಲಿಸಲು ಹೇಳಿ; ಇಲಿ ಕಡಿದ ತೂತು ಯಾವಾಗಲೂ ಮಡಿಕೆಯೊಳಗೇ ಇರುತ್ತದೆ. ಬಿಡಿಸಲು ಹಿಂದೆ ಮುಂದೆ ನೋಡಿದರೆ ಕಾರು ತಿರುಗಿಸಿ.

ಬಿಡಿಸಿ ತೋರಿಸಿ, ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಂಡರೂ ಮಾರಿದವರ ಬಗ್ಗೆ ಕನಿಕರ ಬೇಡ. ಅವರು ಆಗಲೇ ಫೋನ್ ತೆಗೆದು, ಡಿಸೆಂಬರ್ ಮೇಳದ ಟಿಕೆಟ್ಟನ್ನು ಮುಂಗಡ ಕೊಂಡರೆ ಡಿಸ್ಕೌಂಟ್ ಇದೆಯೇ ಎಂದು ಹುಡುಕುತ್ತಿರುತ್ತಾರೆ.