ಅಲೂಫ್ ಅನ್ನೋ ಹಡಗಿನ ಪದ

ಆಫೀಸಿನಲ್ಲಿ ಯಾರಾದರೂ ಎಲ್ಲರ ಜೊತೆ ಊಟಕ್ಕೆ ಬರದಿದ್ದರೆ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಸುಮ್ಮನಾದರೆ, ಅವರ ಬೆನ್ನಿಗೆ ಒಂದು ಇಂಗ್ಲಿಷ್ ಪದ ಅಂಟಿಕೊಳ್ಳುತ್ತದೆ. 'ಅವರು ಸ್ವಲ್ಪ ಅಲೂಫ್ ಕಣ್ರೀ.' ಹೊಗಳಿಕೆಯಂತೂ ಅಲ್ಲ. ನಮ್ಮ ಕನ್ನಡದ 'ಬಿಗುಮಾನ'ದಲ್ಲಿ ಒಂದಿಷ್ಟು ಜಂಬ ಇರುತ್ತದೆ, ಗುಮ್ಮನಗುಸುಕ ಅಂದರೆ ಒಳಗೊಳಗೇ ಏನೋ ಮಸಲತ್ತು ನಡೀತಿದೆ ಅನ್ನುವ ಗುಮಾನಿ. ಅಲೂಫ್ ಇವೆರಡರ ನಡುವೆ ಎಲ್ಲೋ ಇದೆ.

ಮೊದಲು ಇದಕ್ಕೂ ಮನುಷ್ಯರ ಸ್ವಭಾವಕ್ಕೂ ಸಂಬಂಧವೇ ಇರಲಿಲ್ಲ. 16ನೇ ಶತಮಾನದ ಇಂಗ್ಲಿಷ್ ಹಡಗುಗಳಲ್ಲಿ ಇದು ಚುಕ್ಕಾಣಿ ಹಿಡಿದವನಿಗೆ ಕೂಗಿ ಹೇಳುವ ಆಜ್ಞೆ. ಪದದ ಒಳಗಿರುವ 'ಲೂಫ್' ಅಂದರೆ ಗಾಳಿ ಬೀಸಿ ಬರುವ ಕಡೆ. ಬಹುಶಃ ಡಚ್ಚರಿಂದ ಬಂದದ್ದು, ಅದರಲ್ಲೇನೂ ಆಶ್ಚರ್ಯ ಇಲ್ಲ ಬಿಡಿ, ಸ್ಕಿಪ್ಪರ್, ಡೆಕ್, ಯಾಟ್ ಎಲ್ಲ ಅವರಿಂದಲೇ ಬಂದವು.

ಹಾಯಿ ಹಡಗಿಗೆ ನಡುಸಮುದ್ರಕ್ಕಿಂತ ದಡದ ಭಯ ಜಾಸ್ತಿ. ಗಾಳಿ ಸಮುದ್ರದಿಂದ ನೆಲದ ಕಡೆ ಬೀಸುತ್ತಿದ್ದರೆ, ಎಂಜಿನ್ ಇಲ್ಲದ ಹಡಗು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಾ ಸರಿಯುತ್ತಾ ಬಂಡೆಗೆ ಬಡಿದು ಪುಡಿಯಾಗಬಹುದು. ಆಗಲೇ ಈ ಕೂಗು: ಮೂತಿಯನ್ನು ಗಾಳಿಯ ಕಡೆ ತಿರುಗಿಸು, ದಡದಿಂದ ದೂರ ಇರು. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಸಾಗುವುದಿಲ್ಲ, ಓರೆಯಾಗಿ ಹೋಗಬೇಕು. ಈ 'ದೂರ ಇರು' ಅನ್ನುವುದೇ ಆಮೇಲೆ ಮನುಷ್ಯರ ಮೇಲೆ ಬಂದು ಕೂತಿತು.

ನನಗೆ ಹಿಡಿಸಿದ್ದು ಇದೇ. ದೂರ ನಿಂತವರು ಆರಾಮಾಗಿದ್ದಾರೆ, ಅದಕ್ಕೇ ಕೊಬ್ಬು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಹಡಗಿನ ಲೆಕ್ಕದಲ್ಲಿ ದಡಕ್ಕೆ ಹೋಗಿ ಬೀಳುವುದೇ ಸುಲಭ, ದೂರ ಇರುವುದಕ್ಕೆ ಮೈಮುರಿದು ದುಡಿಯಬೇಕು. ಮದುವೆಮನೆಯಲ್ಲಿ 'ಸಂಬಳ ಎಷ್ಟು, ಸೈಟ್ ತಗೊಂಡ್ಯಾ, ಇನ್ನೂ ಯಾಕಪ್ಪಾ ಮದುವೆ ಆಗಿಲ್ಲ' ಅಂತ ಬೀಸುವ ಗಾಳಿ ಇದೆಯಲ್ಲ, ಅದರೆದುರು ನಗುಮುಖ ಇಟ್ಟುಕೊಂಡೇ ಓರೆಯಾಗಿ ಜಾರಿಕೊಳ್ಳುವವರ ಕಷ್ಟ ನೋಡಿದ್ದೀರಾ!

ಹಾಗಂತ ತೀರಾ ಗಾಳಿಗೇ ಮೂತಿ ಕೊಟ್ಟರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತೇಬಿಡುತ್ತದೆ. ಇಂಗ್ಲಿಷ್ ನಾವಿಕರು ಅದಕ್ಕೆ 'ಇನ್ ಐರನ್ಸ್' ಅನ್ನುತ್ತಾರೆ, ಕಾಲಿಗೆ ಸಂಕೋಲೆ ಬಿದ್ದ ಹಾಗೆ. ಮದುವೆಮನೆಯಲ್ಲೂ ಇಂಥವರು ಇರುತ್ತಾರೆ, ಕೈ ತೊಳೆಯುವ ಜಾಗದ ಹತ್ತಿರ ಫೋನ್ ನೋಡುತ್ತಾ. ಎಲೆ ಹಾಕಿದರು ಅಂದ ತಕ್ಷಣ ಅವರೂ ಎಲ್ಲರಿಗಿಂತ ಮುಂಚೆ ಪಂಕ್ತಿಯಲ್ಲಿ ಕೂತಿರುತ್ತಾರೆ.