ಹನ್ನೊಂದು ತಿಂಗಳ ಎಂಗೇಜ್‌ಮೆಂಟ್

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯೊಂದರ ಗೇಟಿನ ಮೇಲೆ ‘ಎಂಪ್ಲಾಯಿ ಎಂಗೇಜ್‌ಮೆಂಟ್ ಸಪ್ತಾಹ’ ಎಂಬ ಬ್ಯಾನರು ಏರಿದ ದಿನ, ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದ ಖಾನಾಪುರ ಕಡೆಯ ಹಿರಿಯ ಮೋಲ್ಡರೊಬ್ಬರು (ಎರಕಕ್ಕೆ ಮರಳಿನ ಅಚ್ಚು ಕಟ್ಟುವವರು) ಬಸಿಯನ್ನು ಬಾಯಿಯವರೆಗೆ ತಂದವರು ಅಲ್ಲಿಗೇ ನಿಲ್ಲಿಸಿ, “ಯಾರದರೀ ಎಂಗೇಜ್‌ಮೆಂಟು? ಹುಡುಗಿ ಯಾವ ಊರಾಕಿ?” ಎಂದು ಕೇಳಿದರು. ಅಂಗಡಿಯವನು ಸೋಸುವ ಅರಿವೆಯನ್ನು ಹಿಂಡುತ್ತ, “ನಿಮ್ದ ಅಂತರೀ ಕಾಕಾ, ಕಂಪನಿ ಜೋಡಿ” ಎಂದ.

ಇದನ್ನು ಬರೀ ಚೇಷ್ಟೆ ಎಂದು ತಳ್ಳಿಹಾಕುವಂತಿಲ್ಲ. ಕಾಕಾ ಆ ಕಾರ್ಖಾನೆಯಲ್ಲಿ ಒಂಬತ್ತು ವರ್ಷಗಳಿಂದ ದುಡಿಯುತ್ತಿದ್ದರೂ, ಕಾಗದದಲ್ಲಿ ಅವರು ಪ್ರತಿ ಸಲವೂ ಹೊಸಬರೇ. ಹನ್ನೊಂದು ತಿಂಗಳು ಕೆಲಸ, ಹದಿನೈದು ದಿನ ‘ಬ್ರೇಕ್’, ಮತ್ತೆ ಹೊಸ ನೇಮಕ, ಹೊಸ ಫೋಟೋ, ಹೊಸ ಸಹಿ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯು ಐದು ವರ್ಷ ನಿರಂತರ ಸೇವೆ ಸಲ್ಲಿಸಿದ ನೌಕರನಿಗೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಲೆಕ್ಕಹಾಕಿ ಕೊಡಬೇಕೆಂದು ಹೇಳುತ್ತಿತ್ತು. ‘ನಿರಂತರ’ ಎಂಬ ಆ ಪದವನ್ನು ವರ್ಷಕ್ಕೊಮ್ಮೆ ಕತ್ತರಿಸಿದರೆ ಸಾಕು ಎಂಬುದು ಆಡಳಿತ ಮಂಡಳಿಯ ದೃಢವಾದ ನಂಬಿಕೆ. ಹೀಗೆ ವರ್ಷ ವರ್ಷವೂ ನಿಶ್ಚಯವಾಗುತ್ತದೆ, ವೀಳ್ಯ ಬದಲಾಗುತ್ತದೆ, ಅಕ್ಕಿಕಾಳು ಮಾತ್ರ ಬೀಳುವುದಿಲ್ಲ. ಇಷ್ಟು ದೀರ್ಘವಾದ ಎಂಗೇಜ್‌ಮೆಂಟಿಗೆ ಒಂದು ಸಪ್ತಾಹ ಸಾಲದು ಎಂಬುದೇ ನನ್ನ ತಕರಾರು.

ನೌಕರರು ಕೆಲಸದಲ್ಲಿ ಮನಸ್ಸಿಡುವಂತೆ ಮಾಡಲೆಂದು ಈ ಸಪ್ತಾಹವನ್ನು ಏರ್ಪಡಿಸಿದ ವಿಭಾಗಕ್ಕೆ ಮೊದಲು ‘ಟೈಮ್ ಆಫೀಸ್’ ಎಂಬ ಸರಳ ಹೆಸರಿತ್ತು. ಹಾಜರಿ, ಓಟಿ, ಪಿಎಫ್, ರಜೆ ಎಲ್ಲವೂ ಒಂದೇ ಕಿಟಕಿಯಲ್ಲಿ ಮುಗಿಯುತ್ತಿದ್ದವು. ಈಗ ಅಲ್ಲಿ ‘ಮಾನವ ಸಂಪನ್ಮೂಲ’ ಎಂಬ ಫಲಕವಿದೆ, ಗಾಜಿನ ಬಾಗಿಲಿದೆ, ಒಳಗೆ ಎಸಿ ಇದೆ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಎಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತಲ್ಲ ಎಂದು ವಿಚಾರಿಸಿದರೆ, ಅದು ಕಂತ್ರಾಟದಾರನ ವಿಷಯ, ನಾವು ಮನುಷ್ಯರ ಭಾವನೆಗಳನ್ನು ನೋಡಿಕೊಳ್ಳುವವರು ಎಂಬ ಉತ್ತರ ಬರುತ್ತದೆ.

ಮೊದಲ ದಿನ ಬಲೂನು ಕಟ್ಟಲಾಯಿತು. ಎರಡನೆಯ ದಿನ, ಎಂಟು ತಾಸು ನಿಂತು ಕೆಲಸ ಮಾಡಿ ಪಾಳಿ ಮುಗಿಸಿದವರಿಗಾಗಿ ಸಂಗೀತ ಕುರ್ಚಿಯ ಸ್ಪರ್ಧೆ ಇತ್ತು. ಹಾಡು ನಿಂತಾಗ ಕುರ್ಚಿ ಸಿಕ್ಕವರು, ಹಾಡು ಮತ್ತೆ ಶುರುವಾದರೂ ಏಳಲಿಲ್ಲವಾದ್ದರಿಂದ ಫಲಿತಾಂಶವನ್ನು ತಡೆಹಿಡಿಯಲಾಗಿದೆ. ಮೂರನೆಯ ದಿನ ಬೆಂಗಳೂರಿನಿಂದ ಬಂದ ಸಲಹೆಗಾರರು, ನೌಕರರು ಮನಸ್ಸಿಟ್ಟು ದುಡಿದರೆ ಸಂಸ್ಥೆ ಹೇಗೆ ಬೆಳೆಯುತ್ತದೆ ಎಂಬುದನ್ನು ಪರದೆಯ ಮೇಲೆ ತೋರಿಸಿದರು. ಅಮೆರಿಕದ ಪ್ರಾಧ್ಯಾಪಕ ಮಾರ್ಕ್ ಹ್ಯೂಸ್ಲಿಡ್ 1995ರಲ್ಲಿ ಸಾವಿರಕ್ಕೆ ಸಮೀಪದಷ್ಟು ಕಂಪನಿಗಳನ್ನು ಅಭ್ಯಸಿಸಿ, ಒಳ್ಳೆಯ ಸಿಬ್ಬಂದಿ ಪದ್ಧತಿಗಳಿರುವಲ್ಲಿ ಬಿಟ್ಟುಹೋಗುವವರು ಕಡಿಮೆ, ತಲಾ ಮಾರಾಟ ಹೆಚ್ಚು ಎಂದು ಕಂಡುಕೊಂಡದ್ದನ್ನೂ ಹೇಳಿದರು. ಹೇಳಿದ್ದು ನಿಜವೇ. ಆದರೆ ಹ್ಯೂಸ್ಲಿಡ್ ಅವರು ಎಣಿಸಿದ ಪದ್ಧತಿಗಳಲ್ಲಿ ತರಬೇತಿಯ ತಾಸುಗಳು, ಲಾಭದಲ್ಲಿ ಪಾಲು, ಅಹವಾಲು ಕೇಳುವ ವ್ಯವಸ್ಥೆ ಮುಂತಾದವು ಇದ್ದವೇ ಹೊರತು ಬಲೂನು ಇರಲಿಲ್ಲ ಎಂಬ ಸಣ್ಣ ಸಂಗತಿ, ಊಟದ ಹೊತ್ತಾದ ಕಾರಣ, ಹೇಳದೇ ಉಳಿದುಹೋಯಿತು.

ನಾಲ್ಕನೆಯ ದಿನದ ಸಮೀಕ್ಷೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಉತ್ತರಿಸುವವರ ಗುರುತನ್ನು ಗುಪ್ತವಾಗಿಡಲಾಗುವುದು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ನಮೂನೆಯ ಮೊದಲ ಸಾಲಿನಲ್ಲೇ ಟೋಕನ್ ಸಂಖ್ಯೆಯನ್ನು ತುಂಬಬೇಕಿತ್ತು. ಪ್ರಶ್ನೆಗಳು ಅಮೆರಿಕದ ಸಮೀಕ್ಷಾ ಸಂಸ್ಥೆ ಗ್ಯಾಲಪ್‌ನ ಹೆಸರಾಂತ ಹನ್ನೆರಡು ಪ್ರಶ್ನೆಗಳ ಮಾದರಿಯವು. ‘ಕೆಲಸದ ಸ್ಥಳದಲ್ಲಿ ನಿಮಗೊಬ್ಬ ಜೀವದ ಗೆಳೆಯನಿದ್ದಾನೆಯೇ?’ ಎಂಬುದಕ್ಕೆ ಕಾಕಾ, “ಇದ್ದಾ ರೀ, ಶಿರೋಲಿಗೆ ಹೋದಾ” ಎಂದು ಬರೆಸಿದರು. ‘ಕೆಲಸಕ್ಕೆ ಬೇಕಾದ ಸಲಕರಣೆಗಳು ನಿಮಗೆ ದೊರೆಯುತ್ತಿವೆಯೇ?’ ಎಂಬಲ್ಲಿ ಅವರು ಫರ್ನೇಸಿನ ಪಕ್ಕದ ಮ್ಯಾನ್‌ಕೂಲರ್ ಯುಗಾದಿಯಿಂದ ತಿರುಗುತ್ತಿಲ್ಲ ಎಂದು ನಾಲ್ಕನೆಯ ಬಾರಿಗೆ ತಿಳಿಸಿದರು. ಕರಗಿದ ಕಬ್ಬಿಣ ಸುಮಾರು 1400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುರಿಯುವ ಜಾಗದಲ್ಲಿ ಆ ದೈತ್ಯ ಫ್ಯಾನು ಚೈನಿಯ ವಸ್ತುವಲ್ಲ. ಸಮೀಕ್ಷೆ ವ್ಯರ್ಥವಾಯಿತೆಂದು ಯಾರೂ ಹೇಳಬಾರದು: ಆ ಫ್ಯಾನು ತಿರುಗುವುದಿಲ್ಲ ಎಂಬುದು ಖಚಿತವಾದ್ದರಿಂದ, ಸಮಾರೋಪದ ಬ್ಯಾನರಿನ ಒಂದು ತುದಿಯ ಹಗ್ಗವನ್ನು ಅದರ ರೆಕ್ಕೆಗೇ ಕಟ್ಟಲಾಯಿತು.

ಹೋಗುವವರು ಎಲ್ಲಿಗೆ ಹೋಗುತ್ತಾರೆ ಎಂಬುದು ಚಹಾದಂಗಡಿಗೆ ಗೊತ್ತು. ಗಡಿಯ ಪ್ರಶ್ನೆಯನ್ನು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿತು. ನಮ್ಮ ಮೋಲ್ಡರುಗಳು ವಕೀಲರಿಲ್ಲದೆಯೇ ತಮ್ಮ ಮಟ್ಟಿಗೆ ಅದನ್ನು ಇತ್ಯರ್ಥಪಡಿಸಿಕೊಂಡು, ಪಗಾರ ಹೆಚ್ಚಿರುವ ಕಡೆಗೆ, ಕೊಲ್ಹಾಪುರದ ಶಿರೋಲಿಯ ಎರಕದ ಕಾರ್ಖಾನೆಗಳಿಗೆ ಬಸ್ಸು ಹತ್ತುತ್ತಾರೆ. ಅವರ ಜೊತೆ ಹೋಗುವುದು ಎರಡು ಕೈಗಳಷ್ಟೇ ಅಲ್ಲ. ಕಾಕಾ ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಂಡಿ, ಉಂಡೆಯನ್ನು ಮುರಿದು, ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳಬಲ್ಲವರು. ಹಸಿ ಹೆಚ್ಚಾದ ಮರಳಿಗೆ ಕಾದ ಲೋಹ ಬಿದ್ದರೆ ಆವಿ ಎದ್ದು ಎರಕದೊಳಗೆ ‘ಬ್ಲೋ ಹೋಲ್’ ಎಂಬ ಪೊಳ್ಳು ಆಗುತ್ತದೆ, ಮಾಲು ವಾಪಸು ಬರುತ್ತದೆ, ಮತ್ತೆ ಫರ್ನೇಸಿಗೆ ಬೀಳುತ್ತದೆ. ಗೆಳೆಯ ಶಿರೋಲಿಗೆ ಹೋದ ಮೇಲೆ ರಿಜೆಕ್ಷನ್ ರಾಶಿ ಬೆಳೆಯಿತು. ಅದರ ಕಾರಣ ಹುಡುಕಲು ಇನ್ನೊಬ್ಬ ಸಲಹೆಗಾರರನ್ನು ಕರೆಸಲಾಗಿದೆ.

ಇದೇ ಸಮಸ್ಯೆ 1913ರಲ್ಲಿ ಹೆನ್ರಿ ಫೋರ್ಡ್‌ಗೂ ಇತ್ತು. ಆ ವರ್ಷ ಅವನ ಕಾರ್ಖಾನೆಯಲ್ಲಿ ಬಿಟ್ಟುಹೋಗುವವರ ಪ್ರಮಾಣ ಶೇ. 370ರಷ್ಟಿತ್ತು, ಅಂದರೆ ಒಂದು ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಜನ ಬಂದು ಹೋಗುತ್ತಿದ್ದರು. 1914ರ ಜನವರಿಯಲ್ಲಿ ಅವನು ದಿನಗೂಲಿಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಐದು ಡಾಲರಿಗೆ ಏರಿಸಿದ, ಒಂಬತ್ತು ತಾಸಿನ ದುಡಿಮೆಯನ್ನು ಎಂಟಕ್ಕೆ ಇಳಿಸಿದ. ಗೇಟಿನ ಮುಂದೆ ಕೆಲಸ ಕೇಳುವವರ ಜಾತ್ರೆ ನೆರೆಯಿತು. ಅವನೇನು ಧರ್ಮಾತ್ಮನಲ್ಲ, ಆ ಕೂಲಿಗೆ ಅರ್ಹರೋ ಎಂದು ನೋಡಲು ನೌಕರರ ಮನೆಮನೆಗೆ ತನಿಖಾಧಿಕಾರಿಗಳನ್ನು ಕಳಿಸಿದವನು. ಆದರೆ ಲೆಕ್ಕ ಬಲ್ಲವನಾಗಿದ್ದ. ಪಾಪ, ಆಗ ಸಪ್ತಾಹಗಳು ಹುಟ್ಟಿರಲಿಲ್ಲವಾದ್ದರಿಂದ ದುಡ್ಡು ಕೊಡದೆ ಗತ್ಯಂತರವಿರಲಿಲ್ಲ.

ಕಳೆದ ವಾರ ಕಾಕಾನ ಹನ್ನೊಂದು ತಿಂಗಳು ಮುಗಿದವು, ಈ ಸಲ ಅವರು ಬ್ರೇಕಿನ ನಂತರ ಬರುವುದಿಲ್ಲವೆಂದರು. ಶಿರೋಲಿಯಲ್ಲಿ ಗೆಳೆಯ ಮಾತಾಡಿ ಕಾಯಂ ಕೆಲಸ ಕೊಡಿಸಿದ್ದ. ಕೆಲಸ ಬಿಡುವವರಿಗೆಂದೇ ಇರುವ ನಮೂನೆಯಲ್ಲಿ ಕಾರಣಗಳು ಮೊದಲೇ ಅಚ್ಚಾಗಿದ್ದವು: ಉನ್ನತ ವ್ಯಾಸಂಗ, ವಿವಾಹ, ಅನಾರೋಗ್ಯ, ವೈಯಕ್ತಿಕ. ಪಗಾರಕ್ಕಾಗಲಿ, ಫ್ಯಾನಿಗಾಗಲಿ, ಕಾಯಂ ಆಗುವುದಕ್ಕಾಗಲಿ ಅಲ್ಲಿ ಚೌಕವಿರಲಿಲ್ಲ. ಐವತ್ತೆರಡು ವರ್ಷದ ಕಾಕಾ ಬಹಳ ಹೊತ್ತು ಯೋಚಿಸಿ ‘ವಿವಾಹ’ ಎಂಬಲ್ಲಿ ಗುರುತು ಹಾಕಿ ಬಂದರು.

ಮರುದಿನ ಅವರ ಮೊಬೈಲಿಗೆ ಮಾನವ ಸಂಪನ್ಮೂಲ ವಿಭಾಗದಿಂದ, ಹೂವಿನ ಚಿತ್ರದ ಸಮೇತ, ‘ನವದಂಪತಿಗಳಿಗೆ ಹಾರ್ದಿಕ ಶುಭಾಶಯಗಳು’ ಎಂಬ ಸಂದೇಶ ಬಂತು. ಅದನ್ನು ಮೊದಲು ನೋಡಿದವರು ಅವರ ಹೆಂಡತಿ ಕಾಕೂ. “ಹುಡುಗಿ ಯಾವ ಊರಾಕಿ?” ಎಂಬ ಪ್ರಶ್ನೆ ಈಗ ಖಾನಾಪುರದ ಆ ಮನೆಯ ಪಡಸಾಲೆಯಲ್ಲಿ ಬೇರೆಯೇ ದನಿಯಲ್ಲಿ ಕೇಳಿಸುತ್ತಿದೆ.